ಹುಲ್ಲಿನಿಂದ ಎಣ್ಣೆ: ಯೀಸ್ಟ್ ಮಾಡುವ ಕೆಲಸ, ನಾವು ಮಾಡಬೇಕಾದ ಲೆಕ್ಕ



ನಮ್ಮ ದೇಶ ವರ್ಷಕ್ಕೆ ಸುಮಾರು 1.5 ಕೋಟಿಯಿಂದ 1.6 ಕೋಟಿ ಟನ್ ಅಡುಗೆ ಎಣ್ಣೆಯನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ನಾವು ಬಳಸುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹಡಗಿನಲ್ಲಿ ಬಂದದ್ದು. ಅದಕ್ಕೆ ತೆರುವ ಹಣ ಲಕ್ಷ ಕೋಟಿ ರೂಪಾಯಿ ದಾಟಿ ಕೆಲವು ವರ್ಷಗಳಾದವು. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ ಮತ್ತು ಮಲೇಷ್ಯಾದ ತಾಳೆ ಎಣ್ಣೆಯದು. ಇದೇ ದೇಶದಲ್ಲಿ ಒಕ್ಕಣೆ ಮುಗಿದ ಮೇಲೆ ಉಳಿಯುವ ಹುಲ್ಲು, ದಂಟು, ಕಟ್ಟಿಗೆ, ಸಿಪ್ಪೆ ಎಲ್ಲ ಸೇರಿ ವರ್ಷಕ್ಕೆ 50 ಕೋಟಿ ಟನ್ನಿನಷ್ಟು. ದನಕರುಗಳಿಗೆ, ಒಲೆಗೆ, ಮಾಡಿಗೆ ಹೋಗಿ ಮಿಕ್ಕುವುದು ಸುಮಾರು 14 ಕೋಟಿ ಟನ್. ಹೊಲದಲ್ಲೇ ಬೆಂಕಿಗೆ ಬೀಳುವುದು 9 ಕೋಟಿ ಟನ್ನಿನ ಆಸುಪಾಸು.

ಈ ಎರಡು ಲೆಕ್ಕಗಳ ನಡುವೆ ಒಂದು ಯೀಸ್ಟನ್ನು ನಿಲ್ಲಿಸಬಹುದೇ ಎಂಬುದು ನಾನು ಬಹಳ ಕಾಲದಿಂದ ಯೋಚಿಸುತ್ತಿರುವ ವಿಷಯ. ನಿಲ್ಲಿಸಬಹುದು. ಆದರೆ ಎಲ್ಲಿ, ಯಾವ ಕಸದ ಪಕ್ಕದಲ್ಲಿ, ಯಾರ ಬಳಕೆಗಾಗಿ ಎಂಬುದನ್ನು ಬಹಳ ಜೋಪಾನವಾಗಿ ಆರಿಸಬೇಕು. ಈ ಹೊತ್ತು ಹೇಳಲು ಬಂದಿರುವುದು ಆ ಆಯ್ಕೆಯ ಬಗ್ಗೆ.

ಬ್ರೆಡ್ಡು ಉಬ್ಬಿಸುವ ಯೀಸ್ಟ್ ನಿಮಗೆಲ್ಲ ಗೊತ್ತು. ಅದರ ಒಣ ತೂಕದಲ್ಲಿ ಕೊಬ್ಬು ನೂರಕ್ಕೆ ಹತ್ತನ್ನೂ ಮುಟ್ಟುವುದಿಲ್ಲ. ಆದರೆ ಯೀಸ್ಟ್‌ಗಳ ದೊಡ್ಡ ಬಳಗದಲ್ಲಿ ಕೆಲವು ಜಾತಿಗಳು ತಮ್ಮ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಎಣ್ಣೆಯನ್ನು ಮೈಯೊಳಗೆ ತುಂಬಿಕೊಳ್ಳುತ್ತವೆ. ಒಳ್ಳೆಯ ಅನುಕೂಲ ಸಿಕ್ಕರೆ ಅರ್ಧಕ್ಕಿಂತಲೂ ಹೆಚ್ಚು. ಲಿಪೊಮೈಸಿಸ್ ಸ್ಟಾರ್ಕಿಯೈ, ರೋಡೊಟೊರುಲಾ ಟೊರುಲಾಯ್ಡಿಸ್, ಯಾರೋವಿಯಾ ಲಿಪೊಲಿಟಿಕಾ ಇಂಥವು. ಲಿಪೊಮೈಸಿಸ್ ಮಣ್ಣಿನಲ್ಲಿ ಬದುಕುವ ಜೀವಿ. ಅಮೆರಿಕದ ಮಣ್ಣುವಿಜ್ಞಾನಿ ರಾಬರ್ಟ್ ಸ್ಟಾರ್ಕಿ 1946ರಲ್ಲಿ ಮಣ್ಣಿನ ಯೀಸ್ಟೊಂದು ಕೊಬ್ಬು ಕೂಡಿಡುವುದನ್ನು ಬರೆದು ಪ್ರಕಟಿಸಿದರು. ಅದರ ಹೆಸರಿನಲ್ಲಿ ಅವರ ಹೆಸರಿದೆ. ರೋಡೊಟೊರುಲಾ ತಟ್ಟೆಯಲ್ಲಿ ಬೆಳೆದರೆ ಗುಲಾಬಿ ಬಣ್ಣ. ಗಜ್ಜರಿಗೆ ಬಣ್ಣ ಕೊಡುವ ಕೆರೊಟಿನ್ ಬಳಗದ ವಸ್ತುಗಳನ್ನು ಅದು ಎಣ್ಣೆಯ ಜೊತೆಗೇ ಮಾಡುತ್ತದೆ.

ಇವುಗಳಿಂದ ಎಣ್ಣೆ ತೆಗೆಯುವ ಯೋಚನೆ ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಸಮುದ್ರದ ದಾರಿ ಮುಚ್ಚಿ ಕೊಬ್ಬಿಗೆ ಬರ ಬಂದಾಗ ಬರ್ಲಿನ್ನಿನಲ್ಲಿ ಪಾಲ್ ಲಿಂಡ್ನರ್ ಎಂಡೊಮೈಸಿಸ್ ವರ್ನಾಲಿಸ್ ಎಂಬ ಜಾತಿಯನ್ನು ಅಗಲವಾದ ತಟ್ಟೆಗಳಲ್ಲಿ ಬೆಳೆಸಿ ಕೊಬ್ಬು ತೆಗೆಯಲು ನೋಡಿದರು. ಯುದ್ಧ ಮುಗಿಯಿತು, ಎಣ್ಣೆಬೀಜದ ಹಡಗುಗಳು ಬಂದವು, ತಟ್ಟೆಗಳು ಮೂಲೆ ಸೇರಿದವು. ಇದೇ ಕಥೆ ಬೇರೆ ಬೇರೆ ದೇಶಗಳಲ್ಲಿ ಮರುಕಳಿಸಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಯೀಸ್ಟ್‌ಗಳು ಎಣ್ಣೆ ಮಾಡುವುದಾದರೂ ಏಕೆ? ಬೆಳೆಯಲು ಸಕ್ಕರೆಯೊಂದೇ ಸಾಲದು. ಪ್ರೋಟೀನು, ಡಿಎನ್‌ಎ ಕಟ್ಟಲು ಸಾರಜನಕ ಬೇಕು. ಸುತ್ತ ಸಕ್ಕರೆ ಧಾರಾಳವಾಗಿದ್ದು ಸಾರಜನಕ ಮಾತ್ರ ತೀರಿಹೋದರೆ ಹೊಸ ಕೋಶ ಹುಟ್ಟುವುದು ನಿಲ್ಲುತ್ತದೆ, ಸಕ್ಕರೆಯನ್ನು ಒಳಗೆಳೆದುಕೊಳ್ಳುವುದು ನಿಲ್ಲುವುದಿಲ್ಲ. ಸುಗ್ಗಿ ತುಂಬಿ ಬಂದ ವರ್ಷ ಬಯಲುಸೀಮೆಯ ರೈತರು ಜೋಳವನ್ನು ಹಗೇವಿಗೆ ಇಳಿಸುತ್ತಿದ್ದ ಹಾಗೆ, ಯೀಸ್ಟ್ ಆ ಸಕ್ಕರೆಯನ್ನು ಎಣ್ಣೆ ಮಾಡಿ ಒಳಗೆ ದುಂಡನೆಯ ಹನಿಗಳಾಗಿ ಇಟ್ಟುಕೊಳ್ಳುತ್ತದೆ.

ಒಳಗೆ ನಡೆಯುವುದನ್ನು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕಾಲಿನ್ ರ‍್ಯಾಟ್ಲೆಜ್ ಮತ್ತು ಅವರ ಶಿಷ್ಯರು 1970ರ ದಶಕದಿಂದ ಒಂದೊಂದೇ ಹೆಜ್ಜೆಯಾಗಿ ಬಿಡಿಸಿದರು. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಜೀವರಸಾಯನ ಶಾಸ್ತ್ರದಲ್ಲಿ ಇಷ್ಟು ಚೆಂದದ ಸರಪಳಿ ಹೆಚ್ಚು ಸಿಗುವುದಿಲ್ಲ. ಕೋಶದಲ್ಲಿ ಎಎಂಪಿ ಎಂಬ ಸಣ್ಣ ಅಣುವಿದೆ. ಸಾರಜನಕಕ್ಕೆ ಬರ ಬಂದಾಗ ಯೀಸ್ಟ್ ಈ ಎಎಂಪಿಯನ್ನೇ ಒಡೆದು ಅದರಲ್ಲಿರುವ ಸಾರಜನಕವನ್ನು ಬಿಡಿಸಿಕೊಳ್ಳುತ್ತದೆ. ಎಎಂಪಿ ಇಳಿದೊಡನೆ, ಅದನ್ನು ನಂಬಿ ನಡೆಯುವ ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಮೈಟೊಕಾಂಡ್ರಿಯದೊಳಗೆ ಕುಂಟತೊಡಗುತ್ತದೆ. ಸಿಟ್ರಿಕ್ ಆಮ್ಲದ ಚಕ್ರ ಅಲ್ಲಿಗೆ ತಡೆಯುತ್ತದೆ. ಸಿಟ್ರೇಟ್ ಹೆಚ್ಚಾಗಿ ಮೈಟೊಕಾಂಡ್ರಿಯದಿಂದ ಹೊರಕ್ಕೆ ಬರುತ್ತದೆ. ಹೊರಗೆ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಸೀಳಿ ಅಸಿಟೈಲ್ ಕೋಎ ಕೊಡುತ್ತದೆ. ಕೊಬ್ಬಿನಾಮ್ಲ ಕಟ್ಟುವುದಕ್ಕೆ ಬೇಕಾದ ಇಟ್ಟಿಗೆ ಅದೇ. ಬೇಕರಿಯ ಯೀಸ್ಟಿನಲ್ಲಿ ಈ ಸೀಳುವ ಕಿಣ್ವ ಇಲ್ಲ. ಅದು ಎಷ್ಟು ಸಕ್ಕರೆ ತಿಂದರೂ ಕೊಬ್ಬದಿರುವುದಕ್ಕೆ ದೊಡ್ಡ ಕಾರಣ ಇದು.

ಇಲ್ಲಿ ರೈತರಿಗೆ ತಿಳಿದಿರುವ ಸಂಗತಿಯೊಂದು ಸೇರಿಕೊಳ್ಳುತ್ತದೆ. ಬರೀ ಭತ್ತದ ಹುಲ್ಲನ್ನು ಗೊಬ್ಬರದ ಗುಂಡಿಗೆ ತುಂಬಿದರೆ ಬೇಗ ಕೊಳೆಯುವುದಿಲ್ಲ. ಸಗಣಿಯೋ ಹಸಿರು ಸೊಪ್ಪೋ ಬೆರೆಸಬೇಕು. ಹುಲ್ಲಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರಾ ಕಡಿಮೆ. ಗೊಬ್ಬರಕ್ಕೆ ಕೊರತೆಯಾಗಿ ಕಾಣುವ ಈ ಗುಣವೇ ಎಣ್ಣೆಯ ಯೀಸ್ಟಿಗೆ ಬೇಕಾದದ್ದು.

ಸಕ್ಕರೆ ಶುದ್ಧವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ದಾಲಿಯನ್ ನಗರದ ಪ್ರಯೋಗ ಸಾಕ್ಷಿ. ಜಾವೊ ಜೊಂಗ್‌ಬಾವೊ ಅವರ ತಂಡ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಯೀಸ್ಟ್ ಬೆಳೆಸುವ 15 ಲೀಟರಿನ ಫರ್ಮೆಂಟರ್‌ನಲ್ಲಿ ಗ್ಲೂಕೋಸ್ ಉಣಿಸುತ್ತಾ ಹೋದಾಗ ಲೀಟರಿಗೆ 106.5 ಗ್ರಾಂ ಒಣ ಯೀಸ್ಟ್ ಬಂತು, ಅದರಲ್ಲಿ ನೂರಕ್ಕೆ 67.5 ಪಾಲು ಎಣ್ಣೆ. ಹೆಚ್ಚಿನ ಎಣ್ಣೆಬೀಜಗಳಲ್ಲಿ ಕಾಣದ ಪ್ರಮಾಣ! ಎಣ್ಣೆಯ ಗುಣವೂ ಅಪರಿಚಿತವಲ್ಲ. ಒಲೇಯಿಕ್ ಆಮ್ಲವೇ ಮುಂದು, ಅದರ ಹಿಂದೆ ಪಾಮಿಟಿಕ್ ಆಮ್ಲ. ತಾಳೆ ಎಣ್ಣೆಗೆ ಹತ್ತಿರದ ಸಂಬಂಧಿ.

ಹಾಗಾದರೆ ಯೀಸ್ಟಿನ ಕಡೆಯಿಂದ ದೊಡ್ಡ ಅಡ್ಡಿಯಿಲ್ಲ. ಅಡ್ಡಿ ಇರುವುದು ಹುಲ್ಲಿನಿಂದ ಸಕ್ಕರೆಗೆ ಬರುವ ದಾರಿಯಲ್ಲಿ.

ಹುಲ್ಲು, ದಂಟುಗಳ ಒಡಲು ಮೂರು ವಸ್ತುಗಳ ಹೆಣಿಗೆ. ಸೆಲ್ಯುಲೋಸ್ ಮೂರನೇ ಒಂದು ಪಾಲಿಗಿಂತ ಹೆಚ್ಚು, ಹೆಮಿಸೆಲ್ಯುಲೋಸ್ ನಾಲ್ಕನೇ ಒಂದು ಪಾಲಿನಷ್ಟು, ಇವೆರಡನ್ನೂ ಅಂಟಿ ಹಿಡಿದಿರುವ ಲಿಗ್ನಿನ್. ಭತ್ತದ ಹುಲ್ಲಿನಲ್ಲಿ ಇದರ ಮೇಲೆ ಸಿಲಿಕಾ ಬೇರೆ. ಸಕ್ಕರೆ ಇರುವುದು ಮೊದಲ ಎರಡರಲ್ಲಿ. ಬಿಗಿ ಹೆಣಿಗೆ ಬಿಚ್ಚಲು ಹುಲ್ಲನ್ನು ತೆಳು ಆಮ್ಲದಲ್ಲೋ ಹಬೆಯ ಒತ್ತಡದಲ್ಲೋ ಬೇಯಿಸಬೇಕು, ಆಮೇಲೆ ಸೆಲ್ಯುಲೇಸ್ ಕಿಣ್ವಗಳನ್ನು ಸುರಿದು ಸೆಲ್ಯುಲೋಸನ್ನು ಗ್ಲೂಕೋಸ್ ಮಾಡಬೇಕು. ಕಿಣ್ವ ದುಬಾರಿ. ಬೇಯಿಸುವಾಗ ಸಕ್ಕರೆಯ ಒಂದಂಶ ಸುಟ್ಟು ಫರ್ಫ್ಯೂರಾಲ್ ಆಗುತ್ತದೆ, ಹೆಮಿಸೆಲ್ಯುಲೋಸ್ ಅಸಿಟಿಕ್ ಆಮ್ಲ ಬಿಡುತ್ತದೆ, ಲಿಗ್ನಿನ್ನಿನಿಂದ ಫಿನಾಲ್‌ಗಳು ಬರುತ್ತವೆ. ಇವೆಲ್ಲ ಯೀಸ್ಟಿಗೆ ವಿಷ. ಪ್ರಯೋಗಾಲಯದ ಗ್ಲೂಕೋಸಿನಲ್ಲಿ ಹುಲುಸಾಗಿ ಬೆಳೆದ ತಳಿ ಹುಲ್ಲಿನ ರಸದಲ್ಲಿ ಕಣ್ಣು ಬಿಡದೆ ಕೂರುವುದುಂಟು.

ಇಷ್ಟಾದರೂ ಎಣ್ಣೆಯ ಯೀಸ್ಟ್‌ಗಳ ಪರವಾಗಿ ಒಂದು ಮಾತು ಹೇಳಬೇಕು. ಹೆಮಿಸೆಲ್ಯುಲೋಸಿನಿಂದ ಬರುವ ಮುಖ್ಯ ಸಕ್ಕರೆ ಕ್ಸೈಲೋಸ್. ಬೇಕರಿಯ ಯೀಸ್ಟ್ ತಾನಾಗಿ ಅದನ್ನು ಹುದುಗಿಸಲಾರದು. ರೋಡೊಟೊರುಲಾ, ಲಿಪೊಮೈಸಿಸ್ ಎರಡೂ ಗ್ಲೂಕೋಸ್ ಮುಗಿದ ಮೇಲೆ ಕ್ಸೈಲೋಸನ್ನೂ ತಿಂದು ಎಣ್ಣೆ ಮಾಡುತ್ತವೆ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯ ವಿಜ್ಞಾನಿಗಳು ಕಬ್ಬಿನ ಸಿಪ್ಪೆಯ ರಸದಲ್ಲಿ ರೋಡೊಟೊರುಲಾ ಬೆಳೆಸಿ ಎಣ್ಣೆ ತೆಗೆದಿದ್ದಾರೆ. 2018ರ ಆಗಸ್ಟ್ 27ರಂದು ಡೆಹ್ರಾಡೂನಿನಿಂದ ದೆಹಲಿಗೆ ಹಾರಿದ ವಿಮಾನದ ಇಂಧನದಲ್ಲಿ ಬೆರೆತದ್ದು ಅದೇ ಸಂಸ್ಥೆ ಜಟ್ರೋಫಾ ಎಣ್ಣೆಯಿಂದ ಮಾಡಿದ ಜೈವಿಕ ಇಂಧನ. ಅಂಥ ಇಂಧನ ಮಾಡುವ ಘಟಕಕ್ಕೆ ಬೇಕಾದದ್ದು ಎಣ್ಣೆ; ಅದು ಬೀಜದ್ದೋ ಯೀಸ್ಟಿನದ್ದೋ ಎಂಬುದು ಅದಕ್ಕೆ ದೊಡ್ಡ ಭೇದವಲ್ಲ.

ಈಗ ಲೆಕ್ಕ. ಒಂದು ಕಿಲೋ ಗ್ಲೂಕೋಸಿನಿಂದ ಹೆಚ್ಚೆಂದರೆ ಬರಬಹುದಾದ ಎಣ್ಣೆ 320 ಗ್ರಾಂ. ಯೀಸ್ಟ್ ಬದುಕಬೇಕು, ಉಸಿರಾಡಬೇಕು, ಹಾಗಾಗಿ ಕೈಗೆ ಸಿಗುವುದು 200 ಗ್ರಾಂ ಎಂದಿಟ್ಟುಕೊಳ್ಳೋಣ. ಒಂದು ಟನ್ ಒಣ ಹುಲ್ಲಿನಲ್ಲಿ ಸಕ್ಕರೆಯಾಗಬಲ್ಲ ವಸ್ತು 600 ಕಿಲೋ. ಅದರಲ್ಲಿ ಬಿಡಿಸಿಕೊಳ್ಳಲು ಆಗುವುದು 450ರಿಂದ 500 ಕಿಲೋ. ಎಣ್ಣೆ 90ರಿಂದ 100 ಕಿಲೋ. ಹತ್ತು ಟನ್ ಹುಲ್ಲಿಗೆ ಒಂದು ಟನ್ ಎಣ್ಣೆ. ಆರಂಭದಲ್ಲಿ ಹೇಳಿದ 14 ಕೋಟಿ ಟನ್ ಮಿಗತೆಯನ್ನು ಹತ್ತರಿಂದ ಭಾಗಿಸಿದರೆ 1.4 ಕೋಟಿ ಟನ್ ಎಣ್ಣೆ. ಆಮದಿಗೆ ಬಹಳ ಹತ್ತಿರ. ಈ ಭಾಗಾಕಾರವನ್ನು ಕಾಗದದ ಮೇಲೆ ಬರೆದು ಹಣಕಾಸಿನವರ ಮುಂದೆ ಇಡುವುದು ಸುಲಭ. ಆ ಆಸೆಗೆ ಬೀಳಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಹುಲ್ಲು ಹಗುರ, ಜಾಗ ಹಿಡಿಯುತ್ತದೆ, ಊರೂರಿನಲ್ಲಿ ಚದುರಿದೆ, ವರ್ಷದಲ್ಲಿ ಕೆಲವೇ ವಾರ ಸಿಗುತ್ತದೆ. ಪಾಣಿಪತ್ತಿನಲ್ಲಿ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಹುಲ್ಲಿನ ಎಥನಾಲ್ ಕಾರ್ಖಾನೆಗೆ ವರ್ಷಕ್ಕೆ ಎರಡು ಲಕ್ಷ ಟನ್ ಹುಲ್ಲು ಬೇಕು. ಅಷ್ಟನ್ನು ಕಟ್ಟು ಕಟ್ಟಿ, ಸಾಗಿಸಿ, ನೆನೆಯದಂತೆ, ಬೆಂಕಿ ತಗುಲದಂತೆ ವರ್ಷಪೂರ್ತಿ ಕಾಯುವುದೇ ಒಂದು ದೊಡ್ಡ ಉದ್ಯಮ.

ಎಥನಾಲಿಗೂ ಎಣ್ಣೆಗೂ ಇನ್ನೊಂದು ವ್ಯತ್ಯಾಸವಿದೆ. ಎಥನಾಲ್ ಮಾಡುವ ಯೀಸ್ಟಿಗೆ ಗಾಳಿ ಬೇಡ. ಮುಚ್ಚಿದ ತೊಟ್ಟಿಯಲ್ಲಿ ಬಿಟ್ಟರೆ ಆಯಿತು. ಎಣ್ಣೆ ಮಾಡುವ ಯೀಸ್ಟಿಗೆ ದಿನಗಟ್ಟಲೆ ಗಾಳಿ ಊದಬೇಕು, ಕಲಕಬೇಕು, ಹುಟ್ಟುವ ಶಾಖವನ್ನು ತಣ್ಣೀರಿನಲ್ಲಿ ತೆಗೆಯಬೇಕು. ವಿದ್ಯುತ್ ಬಿಲ್ಲು ಏರುತ್ತಲೇ ಹೋಗುತ್ತದೆ. ಕೊನೆಗೆ ಎಣ್ಣೆ ಇರುವುದು ಗಟ್ಟಿ ಗೋಡೆಯ ಕೋಶದೊಳಗೆ. ಗೋಡೆ ಒಡೆಯಬೇಕು, ದ್ರಾವಕ ಹಾಕಿ ಎಣ್ಣೆ ಸೆಳೆಯಬೇಕು. ಅಥೆನ್ಸಿನ ಕೃಷಿ ವಿಶ್ವವಿದ್ಯಾಲಯದ ಕುಟಿನಾಸ್ ಮತ್ತು ಸಂಗಡಿಗರು 2014ರಲ್ಲಿ ವರ್ಷಕ್ಕೆ ಹತ್ತು ಸಾವಿರ ಟನ್ ಎಣ್ಣೆ ಮಾಡುವ ಕಾರ್ಖಾನೆಯ ಅಂದಾಜು ಕಟ್ಟಿದರು. ಸಕ್ಕರೆ ಪುಕ್ಕಟೆ ಸಿಕ್ಕರೂ ಕಿಲೋ ಎಣ್ಣೆಗೆ 3.4 ಡಾಲರ್, ಗ್ಲೂಕೋಸನ್ನು ಟನ್ನಿಗೆ 400 ಡಾಲರಿಗೆ ಕೊಂಡರೆ 5.5 ಡಾಲರ್. ತಾಳೆ ಎಣ್ಣೆ ಮಾರುಕಟ್ಟೆಯಲ್ಲಿ ಕಿಲೋಗೆ ಒಂದು ಡಾಲರಿನ ಆಚೀಚೆ ಓಡಾಡುವ ವಸ್ತು.

ಈ ಅಂತರ ನೋಡದೆ ಮುನ್ನುಗ್ಗಿದವರ ಇತಿಹಾಸ ನಮ್ಮ ಮುಂದಿದೆ. 1960ರ ದಶಕದಲ್ಲಿ ಫ್ರಾನ್ಸಿನ ಲಾವೆರಾದಲ್ಲಿ ಬ್ರಿಟಿಷ್ ಪೆಟ್ರೋಲಿಯಂನ ಆಲ್ಫ್ರೆಡ್ ಶಾಂಪನ್ಯಾ ಯೀಸ್ಟಿಗೆ ಪೆಟ್ರೋಲಿಯಂನ ಮೇಣವನ್ನು ಉಣಿಸಿ ದನಕೋಳಿಗಳ ಮೇವಿಗೆ ಪ್ರೋಟೀನ್ ಮಾಡಿದರು. ಅವರಿಗೆ 1976ರಲ್ಲಿ ಯುನೆಸ್ಕೋ ವಿಜ್ಞಾನ ಪ್ರಶಸ್ತಿಯೂ ಬಂತು. ಅಷ್ಟರಲ್ಲಿ ಕಚ್ಚಾತೈಲದ ಬೆಲೆ ನೆಗೆದಿತ್ತು. ಸೋಯಾ ಹಿಂಡಿಯ ಎದುರು ಆ ಪ್ರೋಟೀನ್ ನಿಲ್ಲಲಿಲ್ಲ. 1980ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಚೀಸ್ ಕಾರ್ಖಾನೆಗಳ ಹಾಲೊಡಕಿನಲ್ಲಿ ಯೀಸ್ಟ್ ಬೆಳೆಸಿ ಕೋಕೋ ಬೆಣ್ಣೆಯಂಥ ಕೊಬ್ಬು ತೆಗೆಯುವ ಪ್ರಯತ್ನ ನಡೆಯಿತು. ಗಾಳಿ ಕಡಿಮೆ ಕೊಟ್ಟರೆ ಕೊಬ್ಬಿನಲ್ಲಿ ಸ್ಟಿಯರಿಕ್ ಆಮ್ಲ ಹೆಚ್ಚುತ್ತದೆ ಎಂಬ ಜಾಣ ಉಪಾಯವನ್ನೂ ಅವರು ಕಂಡುಕೊಂಡರು. ಕೆಲಸ ಕೈಗೂಡಿತ್ತು. ಕೋಕೋ ಬೆಣ್ಣೆಯ ಬೆಲೆ ಕುಸಿಯಿತು, ಕೆಲಸ ನಿಂತಿತು. ಇವರೆಲ್ಲ ದಡ್ಡರಾಗಿರಲಿಲ್ಲ. ಸರಕಿನ ಬೆಲೆಗೆ ಮಾರುವ ಎಣ್ಣೆಯ ಜೊತೆ ನೇರ ಸೆಣಸಿದರೆ ಎಂಥ ಯೀಸ್ಟೂ ಸುಸ್ತಾಗುತ್ತದೆ.

ಇನ್ನು ನಮ್ಮ ನಾಡಿನ ಮಾತು. ಕರ್ನಾಟಕದಲ್ಲಿ ಇದನ್ನು ಮಾಡಹೊರಟವರು ಮೊದಲು ನೋಡಬೇಕಾದ್ದು, ಕಸವೆಂದು ಪಟ್ಟಿಯಲ್ಲಿ ಬರೆದದ್ದು ನಿಜವಾಗಿ ಯಾರಿಗೂ ಬೇಡದ್ದೇ ಎಂಬುದನ್ನು. ರಾಗಿ ಹುಲ್ಲು ಕಸವಲ್ಲ. ಅದರ ಮೆದೆ ಮನೆಯ ಎದುರಿನ ಆಸ್ತಿ. ಉತ್ತರ ಕರ್ನಾಟಕದಲ್ಲಿ ಜೋಳದ ಕಣಿಕೆಗೆ ಬರಗಾಲದಲ್ಲಿ ಕಾಳಿನಷ್ಟೇ ಮರ್ಯಾದೆ. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಗಳು ಉರಿಸಿ ಹಬೆ, ವಿದ್ಯುತ್ ಮಾಡಿಕೊಳ್ಳುತ್ತವೆ. ಕಲಬುರಗಿಯ ತೊಗರಿ ಕಟ್ಟಿಗೆ ಎಷ್ಟೋ ಮನೆಗಳ ಒಲೆಯ ಸೌದೆ. ಇವುಗಳಿಗೆ ಕೈ ಹಾಕಿದರೆ ಬಡವರ ದನದ ಬಾಯಿಂದ, ಒಲೆಯಿಂದ ಕಿತ್ತುಕೊಂಡ ಹಾಗಾಗುತ್ತದೆ. ನಿಜವಾಗಿ ಉರಿದು ಹೋಗುತ್ತಿರುವುದು ಗಂಗಾವತಿ, ಸಿಂಧನೂರು ಕಡೆ ಯಂತ್ರ ಕೊಯ್ದು ಬಿಟ್ಟ ಭತ್ತದ ಹುಲ್ಲು, ಕಬ್ಬಿನ ಗದ್ದೆಗಳ ರವದಿ. ಅದರಲ್ಲೂ ಒಂದು ಪಾಲು ಮಣ್ಣಿಗೇ ಮರಳಬೇಕು. ಸಾವಯವ ಇಂಗಾಲ ಬಡವಾಗಿರುವ ನಮ್ಮ ಹೊಲಗಳಿಂದ ಎಲ್ಲವನ್ನೂ ಎತ್ತಿಕೊಂಡು ಹೋಗುವ ಯಾವ ಯೋಜನೆಯನ್ನೂ ನಾನು ಬೆಂಬಲಿಸಲಾರೆ. ಹುಲ್ಲಿಗೆ ಬೆಲೆ ಬಂದ ದಿನ ಆ ಬೆಲೆ ಗೇಣಿದಾರನಿಗೂ ಸೇರಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಯಬೇಕು.

ಹಾಗಾಗಿ ನನ್ನ ಸಲಹೆ ಹುಲ್ಲಿನಿಂದ ಆರಂಭಿಸಬೇಡಿ ಎಂಬುದು. ಸಕ್ಕರೆ ಆಗಲೇ ಕರಗಿರುವ, ಆಗಲೇ ಒಂದೆಡೆ ಕೂಡಿರುವ, ಎಸೆಯುವುದಕ್ಕೇ ಹಣ ಖರ್ಚಾಗುತ್ತಿರುವ ಹಸಿ ತ್ಯಾಜ್ಯಗಳು ನಮ್ಮಲ್ಲಿವೆ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವವರು ನಾವು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳ ಪಲ್ಪರ್‌ಗಳಲ್ಲಿ ಹಣ್ಣಿನ ತೂಕದ ನೂರಕ್ಕೆ ಸುಮಾರು ನಲವತ್ತು ಪಾಲು ಸಿಪ್ಪೆ, ತಿರುಳಾಗಿ ಹೊರಬೀಳುತ್ತದೆ. ಅದು ನೀರಿಗೆ ಸೇರಿದರೆ ಹಳ್ಳ ಹುಳಿಯಾಗುತ್ತದೆ, ಮೀನು ಸಾಯುತ್ತದೆ. ಆ ಸಕ್ಕರೆಯನ್ನು ಯೀಸ್ಟ್ ತಿನ್ನಬಲ್ಲದು. ಕೆಫೀನ್ ಮತ್ತು ಒಗರಿನ ಟ್ಯಾನಿನ್‌ಗಳನ್ನು ಸಹಿಸುವ ತಳಿ ಹುಡುಕುವುದು ನಮ್ಮ ಪ್ರಯೋಗಾಲಯಗಳ ಕೆಲಸ. ಅಂಥ ತಳಿ ಆ ತಿಪ್ಪೆಗಳಲ್ಲೇ ಇರುವ ಸಾಧ್ಯತೆ ಹೆಚ್ಚು ಎಂದು ನನ್ನ ನಂಬಿಕೆ. ಪನೀರು, ಚೀಸ್ ಮಾಡುವ ಡೇರಿಗಳ ಹಾಲೊಡಕಿನಲ್ಲಿ ನೂರಕ್ಕೆ ನಾಲ್ಕೂವರೆ ಪಾಲಿನಷ್ಟು ಲ್ಯಾಕ್ಟೋಸ್ ಇದೆ. ನ್ಯೂಜಿಲೆಂಡಿನವರು ಬಳಸಿದ ಜಾತಿಗೆ ಅದು ಇಷ್ಟದ ಊಟ. ಕೋಲಾರದ ಕಡೆ ಬೆಲೆ ಬಿದ್ದ ವರ್ಷ ರಸ್ತೆ ಬದಿಗೆ ಸುರಿಯುವ ಮಾವು, ಟೊಮೆಟೊಗಳೂ ಈ ಸಾಲಿಗೆ ಬರುತ್ತವೆ. ದಾವಣಗೆರೆ, ಶಿವಮೊಗ್ಗದ ಅಡಿಕೆ ಸಿಪ್ಪೆಯ ರಾಶಿಗಳನ್ನು ಮಾತ್ರ ಸದ್ಯಕ್ಕೆ ಬಿಡುವುದು ಒಳ್ಳೆಯದು. ಅದರ ನಾರು, ಫಿನಾಲ್‌ಗಳು ಹುಲ್ಲಿಗಿಂತ ಕಷ್ಟ.

ಎಣ್ಣೆ ಯಾರಿಗೆ? ಡೀಸೆಲ್ ಟ್ಯಾಂಕಿಗೆ ಬೇಡ. ಬಾಣಲೆಗೂ ಈಗಲೇ ಬೇಡ. ಸ್ವೀಡನ್ನಿನ ಉಪ್ಸಾಲದ ಕೃಷಿ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಹಿಡಿಸಿದೆ. ಅವರು ಗೋಧಿ ಹುಲ್ಲಿನ ರಸದಲ್ಲಿ ಲಿಪೊಮೈಸಿಸ್ ಬೆಳೆಸಿದರು. ಎಣ್ಣೆಯನ್ನು ಹಿಂಡಲಿಲ್ಲ, ಎಣ್ಣೆ ತುಂಬಿದ ಯೀಸ್ಟನ್ನೇ ಸಸ್ಯದ ಎಣ್ಣೆಯ ಬದಲು ಮೀನಿನ ಮೇವಿಗೆ ಬೆರೆಸಿ ಆರ್ಕ್ಟಿಕ್ ಚಾರ್ ಎಂಬ ತಣ್ಣೀರಿನ ಮೀನಿಗೆ ಕೊಟ್ಟರು. ಮೀನಿನ ಬೆಳವಣಿಗೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ದ್ರಾವಕದಲ್ಲಿ ಸೆಳೆಯುವ ಖರ್ಚು ಅಲ್ಲಿಗೆ ಹೋಯಿತು. ಯೀಸ್ಟಿನ ಪ್ರೋಟೀನೂ ಮೀನಿಗೇ ಸೇರಿತು.

ನಮ್ಮ ಕರಾವಳಿಯಲ್ಲಿ ರಾಶಿ ರಾಶಿ ಬೂತಾಯಿ ಮೀನು ಊಟದ ತಟ್ಟೆಗೆ ಬರದೆ ಮೀನಿನ ಹಿಟ್ಟು, ಮೀನೆಣ್ಣೆಯ ಕಾರ್ಖಾನೆಗಳಿಗೆ ಹೋಗುತ್ತದೆ. ಆ ಮೀನೆಣ್ಣೆಯ ಜಾಗವನ್ನು ಯೀಸ್ಟ್ ತುಂಬಲಾರದು; ಸಾಮಾನ್ಯ ಯೀಸ್ಟಿನ ಎಣ್ಣೆಯಲ್ಲಿ ಬೂತಾಯಿಯ ಒಮೇಗಾ-3 ಇಲ್ಲ. ಮೇವಿನಲ್ಲಿ ತಾಳೆ ಎಣ್ಣೆ, ಸೋಯಾ ಎಣ್ಣೆಯ ಜಾಗವನ್ನಷ್ಟೇ ಅದು ತುಂಬಬಲ್ಲದು. ಒಮೇಗಾ-3 ಬೇಕಾದರೆ ವಂಶವಾಹಿ ಬದಲಿಸಬೇಕು. ಡ್ಯುಪಾಂಟ್ ಕಂಪನಿ ಯಾರೋವಿಯಾದಲ್ಲಿ ಅದನ್ನು ಮಾಡಿ ತೋರಿಸಿತು. 2013ರ ಅವರ ಪ್ರಬಂಧದಂತೆ ಆ ತಳಿಯ ಕೊಬ್ಬಿನಾಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಪಿಎ ಎಂಬ ಒಮೇಗಾ-3. ಅದನ್ನು ಬೆರೆಸಿದ ಮೇವು ತಿಂದ ಸಾಲ್ಮನ್ ಮಾರುಕಟ್ಟೆಗೂ ಬಂತು. ನಮ್ಮ ಸಂಶೋಧಕರು ದೂರದ ಗುರಿಯಾಗಿ ಅದನ್ನು ಇಟ್ಟುಕೊಳ್ಳಲಿ.

ಮನುಷ್ಯರ ಆಹಾರವಾಗಿ ತರುವುದಾದರೆ ಪರೀಕ್ಷೆ ಕಟ್ಟುನಿಟ್ಟಾಗಿರಬೇಕು. ಯುರೋಪಿನ ಒಕ್ಕೂಟ 2019ರಲ್ಲಿ ಯಾರೋವಿಯಾದ ಒಣಪುಡಿಗೆ ಹೊಸ ಆಹಾರವೆಂದು ಒಪ್ಪಿಗೆ ಕೊಟ್ಟಿದೆ. ನಮ್ಮಲ್ಲೂ ಬಳಕೆಯಲ್ಲಿಲ್ಲದ ಆಹಾರಗಳ ಒಪ್ಪಿಗೆಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2017ರ ನಿಯಮಗಳಿವೆ. ತೋಟದಲ್ಲಿ ಸಿಂಪಡಿಸಿದ ಕೀಟನಾಶಕ ಸಿಪ್ಪೆಯಿಂದ ಎಣ್ಣೆಗೆ ಬರುತ್ತದೆಯೇ ಎಂಬುದನ್ನು ಪ್ರತಿ ಋತುವಿನಲ್ಲೂ ಅಳೆಯಬೇಕು, ಏಕೆಂದರೆ ಅಂಥ ಎಷ್ಟೋ ವಿಷಗಳು ಎಣ್ಣೆಯಲ್ಲೇ ಕರಗುವಂಥವು.

ಯುವ ಸಂಶೋಧಕರಿಗೆ ಒಂದು ಕೆಲಸವನ್ನು ಬಿಡಿಸಿ ಹೇಳಿ ಮುಗಿಸುತ್ತೇನೆ. ಋತುವಿಗೆ ಮಾತ್ರ ಸಿಗುವ ಒಂದೇ ಕಸವನ್ನು ನಂಬಿದ ಫರ್ಮೆಂಟರ್ ವರ್ಷದ ಬಹುಪಾಲು ಖಾಲಿ ನಿಲ್ಲುತ್ತದೆ. ಸಾಲದ ಬಡ್ಡಿ ನಿಲ್ಲುವುದಿಲ್ಲ. ಹಾಸನದಂಥ ಜಿಲ್ಲೆಯನ್ನು ನೋಡಿ. ನವೆಂಬರಿನಿಂದ ಮಾರ್ಚಿನವರೆಗೆ ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಕಾಫಿಯ ತಿರುಳು. ಬೆಳೆ ಕಿತ್ತಾಗ ಮಾರಾಟವಾಗದೆ ಉಳಿಯುವ ಗಾಯದ ಆಲೂಗಡ್ಡೆ. ಡೇರಿಯ ಹಾಲೊಡಕು ವರ್ಷವಿಡೀ. ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಆರಂಭಿಸಿದ ಜೈವಿಕ ಇಂಧನ ಪಾರ್ಕ್ ಇದೆ. ಹೊಂಗೆ, ಬೇವಿನ ಎಣ್ಣೆಯ ವಿಷಯದಲ್ಲಿ ರೈತರ ಜೊತೆ ಕೆಲಸ ಮಾಡಿದ ಅನುಭವ ಅಲ್ಲಿನವರಿಗಿದೆ. ಕಾಫಿಯ ಸಕ್ಕರೆ, ಆಲೂಗಡ್ಡೆಯ ಪಿಷ್ಟ, ಹಾಲಿನ ಲ್ಯಾಕ್ಟೋಸ್ ಮೂರನ್ನೂ ಒಂದೇ ತೊಟ್ಟಿಯಲ್ಲಿ ಒಂದಾದ ಮೇಲೊಂದು ತಿನ್ನಬಲ್ಲ ತಳಿ ಯಾವುದು, ಅಥವಾ ಋತುವಿಗೊಂದು ತಳಿಯೇ ಬೇಕೇ? ಪ್ರತಿಯೊಂದರಲ್ಲೂ ಇಂಗಾಲಕ್ಕೆ ಸಾರಜನಕ ಎಷ್ಟು? ಗಾಳಿ ಊದಲು ಕಿಲೋ ಎಣ್ಣೆಗೆ ಎಷ್ಟು ಯೂನಿಟ್ ವಿದ್ಯುತ್ ಹೋಗುತ್ತದೆ? ಸಣ್ಣ ತೊಟ್ಟಿಯಲ್ಲಿ ಒಂದು ಪೂರ್ತಿ ವರ್ಷ ಇದನ್ನು ಅಳೆದು, ಬಂದ ಅಂಕಿಗಳನ್ನು, ಕೆಟ್ಟುಹೋದ ಬ್ಯಾಚುಗಳ ಅಂಕಿಗಳನ್ನೂ ಸೇರಿಸಿ, ಕನ್ನಡದಲ್ಲಿ ಪ್ರಕಟಿಸಿ. ಕಾಫಿ ಬೆಳೆಗಾರರ ಸಂಘದವರೂ ಡೇರಿಯವರೂ ಮೀನು ಸಾಕುವವರೂ ಅದನ್ನು ಓದಿ ತಮ್ಮ ಲೆಕ್ಕ ತಾವು ಹಾಕಿಕೊಳ್ಳುತ್ತಾರೆ.